ಗ್ರೀಸ್ ಒತ್ತಿ ಬುಷ್ ಕೀಳುವ ಕಸುಬು

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಲ್ಲಿ ಹಳೆಯ ಜೀಪಿಗೆ ಇವತ್ತಿಗೂ ಕೆಲಸವಿದೆ. ಮಳೆಗಾಲದ ಕೆಸರಿನಲ್ಲಿ, ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗ ಚಾಲಕನ ಎಡಗಾಲು ಕ್ಲಚ್ ಪೆಡಲ್ ಬಿಟ್ಟು ಏಳುವುದೇ ಇಲ್ಲ. ಹೀಗೆ ಅರ್ಧ ಒತ್ತಿದ ಕ್ಲಚ್ಚಿನಲ್ಲಿ ದುಡಿದ ಗಾಡಿಯಲ್ಲಿ ಕ್ಲಚ್ ಪ್ಲೇಟಿನ ಜೊತೆಗೇ ಸವೆಯುವ ಇನ್ನೊಂದು ಸಣ್ಣ ವಸ್ತುವಿದೆ. ಅದೇ ಪೈಲಟ್ ಬುಷ್.

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಯ ನಟ್ಟನಡುವೆ ಒಂದು ಕುಳಿ ಇರುತ್ತದೆ. ಅದರಲ್ಲಿ ಬಿಗಿಯಾಗಿ ಕೂತ ಕಂಚಿನ ಬಳೆಯೇ ಈ ಬುಷ್. ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿದ ಇನ್‌ಪುಟ್ ಶಾಫ್ಟ್‌ನ ಮೂತಿ ಇದರೊಳಗೆ ಸೇರಿಕೊಂಡು ಆಸರೆ ಪಡೆಯುತ್ತದೆ. ಕ್ಲಚ್ ಬಿಟ್ಟು ಗಾಡಿ ಓಡುವಾಗ ಕ್ರ್ಯಾಂಕ್, ಬುಷ್, ಶಾಫ್ಟ್ ಮೂರೂ ಒಂದೇ ವೇಗದಲ್ಲಿ ತಿರುಗುವುದರಿಂದ ಉಜ್ಜಾಟವಿಲ್ಲ. ಪೆಡಲ್ ಒತ್ತಿದಾಗ ಮಾತ್ರ ಕ್ರ್ಯಾಂಕಿನ ವೇಗ ಬೇರೆ, ಶಾಫ್ಟಿನ ವೇಗ ಬೇರೆ. ಸವೆತವೆಲ್ಲ ಆಗುವುದು ಆಗಲೇ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ 2.2 ಲೀಟರಿನ ಎಂಜಿನ್ನಿನಲ್ಲಿ ಇದ್ದದ್ದು ಇದೇ ಏರ್ಪಾಡು. ಅದೇ ಮನೆತನದ ಜೀಪುಗಳನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ಜೋಡಿಸತೊಡಗಿತು. ಮಲೆನಾಡಿನ ಮೆಕ್ಯಾನಿಕ್ಕುಗಳ ಕೈಗೆ ಈ ಬುಷ್ ಬಂದದ್ದು ಆ ದಾರಿಯಲ್ಲಿ.

ಬುಷ್ ಸವೆದರೆ ಶಾಫ್ಟಿನ ಮೂತಿ ಅಲುಗಾಡುತ್ತದೆ. ಒಣಗಿದರೆ ಶಾಫ್ಟನ್ನೇ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡಾಗ ಪೆಡಲ್ ಪೂರ್ತಿ ಒತ್ತಿದರೂ ಶಾಫ್ಟ್ ಎಂಜಿನ್ನಿನ ಜೊತೆ ತಿರುಗುತ್ತಲೇ ಇರುತ್ತದೆ, ಮೊದಲ ಗೇರು, ರಿವರ್ಸು ಕರಕರ ಅನ್ನುತ್ತವೆ. ಕ್ಲಚ್ ಪ್ಲೇಟ್ ಬದಲಿಸಿಯೂ ಈ ತೊಂದರೆ ಹೋಗಿಲ್ಲವೆಂದರೆ ಅನುಮಾನ ಬುಷ್ ಕಡೆ ತಿರುಗಬೇಕು. ಅಷ್ಟು ಹೊತ್ತಿಗೆ ಗೇರ್‌ಬಾಕ್ಸನ್ನು ಎರಡನೇ ಸಲ ಇಳಿಸುವ ಕೂಲಿ ಮಾಲೀಕನ ತಲೆಗೆ ಬಂದಿರುತ್ತದೆ. ಗೇರ್‌ಬಾಕ್ಸ್ ಇಳಿಸಿದ ಪ್ರತಿ ಸಲವೂ ಬುಷ್ ನೋಡುವ ಮೆಕ್ಯಾನಿಕ್ಕನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ನೋಡುವುದು ಸುಲಭ, ತೆಗೆಯುವುದೇ ಕಷ್ಟ. ಕುಳಿ ಒಂದೇ ಕಡೆ ತೆರೆದಿದೆ, ಹಿಂದಿನಿಂದ ತಳ್ಳಲು ದಾರಿಯಿಲ್ಲ. ಬುಷ್ ಕುಳಿಯ ಬಾಯಿಗೆ ಸಮನಾಗಿ ಕೂತಿರುವುದರಿಂದ ಇಕ್ಕಳಕ್ಕೆ ಹಿಡಿತವೂ ಸಿಗದು. ಉಳಿ ಹಾಕಿ ಕೆತ್ತಿದರೆ ಕಂಚೇನೋ ಹೋಗುತ್ತದೆ, ಆದರೆ ಉಳಿ ಜಾರಿ ಕುಳಿಯ ಗೋಡೆಗೆ ಗೀರು ಬಿದ್ದರೆ ಹೊಸ ಬುಷ್ ನೆಟ್ಟಗೆ ಕೂರುವುದಿಲ್ಲ. ಬುಷ್ ಅಗ್ಗ, ಕ್ರ್ಯಾಂಕ್ ದುಬಾರಿ. ಆದ್ದರಿಂದ ಕ್ರ್ಯಾಂಕಿಗೆ ಕಬ್ಬಿಣ ತಾಗಿಸದೆ ಬುಷ್ ಹೊರಡಿಸುವುದರಲ್ಲೇ ಜಾಣತನವಿದೆ.

ಅದಕ್ಕೆ ಗ್ಯಾರೇಜಿನವರು ಬಳಸುವುದು ಗ್ರೀಸ್. ಬುಷ್ಷಿನ ತೂತಿನೊಳಗಿಂದ ಹಿಂದಿನ ಕುಳಿಗೆ ಗ್ರೀಸನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಾರೆ, ಗಾಳಿ ಉಳಿಯಬಾರದು. ಆಮೇಲೆ ತೂತಿಗೆ ಸರಿಯಾಗಿ ಹೊಂದುವ ಕಬ್ಬಿಣದ ಸರಳನ್ನು ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಮುಚ್ಚಿದ ಜಾಗದಲ್ಲಿ ಒತ್ತಿದ ದ್ರವ ಎಲ್ಲ ದಿಕ್ಕಿಗೂ ಒಂದೇ ಒತ್ತಡ ಕೊಡುತ್ತದೆಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿಕೊಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. 16 ಮಿಲಿಮೀಟರ್ ದಪ್ಪದ ಸರಳಿನ ತುದಿ ಸುಮಾರು 2 ಚದರ ಸೆಂಟಿಮೀಟರ್. ಒಂದು ಪೆಟ್ಟು ಕ್ಷಣಮಾತ್ರ ಅರ್ಧ ಟನ್ ಒತ್ತಿದರೂ ಗ್ರೀಸಿನಲ್ಲಿ ಚದರ ಸೆಂಟಿಮೀಟರಿಗೆ 250 ಕಿಲೋ ಒತ್ತಡ ಏಳುತ್ತದೆ. ಕುಳಿಯ ತಳ, ಗೋಡೆ ಕದಲುವುದಿಲ್ಲ. ಬುಷ್ಷಿನ ಹಿಂಬದಿಯ ಅಂಚೊಂದೇ ಕದಲಬಲ್ಲದು. ಅದು ಸರಳಿಗೆ ಎದುರಾಗಿ, ಹೊಡೆಯುವವನ ಕಡೆಗೇ ಬರುತ್ತದೆ.

ಈ ಉಪಾಯ ಕೆಟ್ಟಿತೆಂದರೆ ತಪ್ಪು ಹೆಚ್ಚಾಗಿ ಸರಳಿನದು. ಸರಳು ಸಣ್ಣದಾದರೆ, ಒತ್ತುವ ಭಾಗ ಸಡಿಲವಾದ ಚಕ್ಕುಲಿ ಒರಳಿನಲ್ಲಿ ಹಿಟ್ಟು ಮೇಲಕ್ಕೇ ಉಕ್ಕುವ ಹಾಗೆ ಗ್ರೀಸು ಪಕ್ಕದಿಂದ ಹೊರಬರುತ್ತದೆ. ಗುಜರಿಗೆ ಹೋಗಬೇಕಿದ್ದ ಹಳೆಯ ಇನ್‌ಪುಟ್ ಶಾಫ್ಟೊಂದನ್ನು ಎತ್ತಿಟ್ಟುಕೊಂಡಿದ್ದರೆ ಅದಕ್ಕಿಂತ ಒಳ್ಳೆಯ ಸರಳಿಲ್ಲ. ಇಲ್ಲವಾದರೆ ಲೇತಿನಲ್ಲಿ ಅಳತೆಗೆ ತಿರುಗಿಸಿಕೊಳ್ಳಬೇಕು. ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ ಸರಳಿಗೆ ಟೇಪ್ ಸುತ್ತಿಕೊಳ್ಳುವುದುಂಟು. ಅದೂ ಸಾಲದಿದ್ದರೆ ಗ್ರೀಸಿನ ಬದಲು ನೆನೆಸಿದ ಕಾಗದವನ್ನೋ ಬ್ರೆಡ್ಡನ್ನೋ ತುಂಬುತ್ತಾರೆ, ಅವು ಸಂದಿಯಲ್ಲಿ ಅಷ್ಟು ಸುಲಭವಾಗಿ ನುಸುಳುವುದಿಲ್ಲ. ಪೆಟ್ಟು ಭಾರಿಯಾಗಿರಬೇಕಿಲ್ಲ, ನೇರವಾಗಿರಬೇಕು. ಕ್ರ್ಯಾಂಕಿನ ಹಿಂದು ಮುಂದಿನ ಚಲನೆಯನ್ನು ತಡೆಯುವ ಥ್ರಸ್ಟ್ ವಾಷರ್ ಮೇಲೆಯೇ ಪ್ರತಿ ಪೆಟ್ಟಿನ ಭಾರವೂ ಬೀಳುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಒತ್ತಡದಲ್ಲಿ ಸಿಡಿದ ಗ್ರೀಸ್ ಮುಖಕ್ಕೇ ಬರುತ್ತದೆ. ಕುಳಿಯ ತಳ ಗಟ್ಟಿಯಾಗಿಲ್ಲದೆ ಮುಚ್ಚಳ ಕೂರಿಸಿದ ಎಂಜಿನ್ನಾದರೆ ಈ ಉಪಾಯವನ್ನೇ ಕೈಬಿಡಬೇಕು.

ಗ್ರೀಸಿನಿಂದ ಆಗದಿದ್ದರೆ ಉಳಿಯುವುದು ಟ್ಯಾಪ್. ಅದರಿಂದ ಬುಷ್ಷಿನ ಒಳಗೋಡೆಗೆ ತಿರುಪಿನ ಎಳೆ ಕತ್ತರಿಸಿ ಬೋಲ್ಟ್ ತಿರುಗಿಸುತ್ತ ಹೋದರೆ ಬೋಲ್ಟಿನ ತುದಿ ಗಟ್ಟಿ ತಳಕ್ಕೆ ತಾಗಿ ಬುಷ್ ತಾನೇ ಹೊರಗೆ ಬರುತ್ತದೆ. ತಳ ನಂಬುವಂತಿಲ್ಲದಿದ್ದರೆ ಅದೇ ಬೋಲ್ಟನ್ನು ಹೊರಗಿನಿಂದ ಎಳೆಯಬೇಕು. ಒಳಗಿನಿಂದ ಕೊಕ್ಕೆ ಹಾಕಿ ಎಳೆಯುವ ಪುಲ್ಲರ್ ಕೂಡ ಇದೆ. ಹ್ಯಾಕ್ಸಾ ಬ್ಲೇಡಿನಿಂದ ಸೀಳುವುದು ಕೊನೆಯ ದಾರಿ, ಕಂಚು ಪೂರ್ತಿ ಸೀಳುವ ಮೊದಲೇ ಕೈ ನಿಲ್ಲಿಸುವ ಸಂಯಮ ಇದ್ದವರಿಗೆ ಮಾತ್ರ.

ಹೊಸ ಬುಷ್ಷಿನ ಆಯ್ಕೆಗೂ ಅಷ್ಟೇ ಗಮನ ಬೇಕು. ಒಳ್ಳೆಯ ಬುಷ್ ತಾಮ್ರ, ತವರದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಅದರ ಸಣ್ಣ ರಂಧ್ರಗಳು ಎಣ್ಣೆ ಹೀರಿಕೊಂಡು, ಬಿಸಿಯಾದಾಗ ಬಿಟ್ಟುಕೊಡುತ್ತವೆ. ಗ್ರೀಸ್ ಹಚ್ಚಿದರೆ ಆ ರಂಧ್ರ ಕಟ್ಟಿಕೊಳ್ಳುತ್ತದೆ. ಹಳೆಯದನ್ನು ಕೀಳಲು ನೆರವಾದ ಗ್ರೀಸನ್ನು ಹೊಸದು ಹಾಕುವ ಮುನ್ನ ಕುಳಿಯಿಂದ ಪೂರ್ತಿ ಒರೆಸಿ ತೆಗೆಯಬೇಕಾದ್ದು ಅದಕ್ಕೇ. ಮ್ಯಾಗ್ನೆಟ್ ಅಂಟಿದರೆ ಬುಷ್ಷಿನಲ್ಲಿ ಕಬ್ಬಿಣ ಬೆರೆತಿದೆ ಎಂದು ತಿಳಿಯಬೇಕು. ಲೇತಿನವರು ಗನ್‌ಮೆಟಲ್‌ನಲ್ಲಿ ಮಾಡಿಕೊಡುವುದು ಗಟ್ಟಿಯೇ, ಆದರೆ ಅದು ಎಣ್ಣೆ ಹೀರುವುದಿಲ್ಲ.

ಎಂಜಿನ್ ಆಯಿಲಿನಲ್ಲಿ ನೆನೆದ ಬುಷ್ಷನ್ನು ಫ್ರೀಜರಿನಲ್ಲಿಟ್ಟರೆ ತೀರಾ ಸ್ವಲ್ಪ ಕುಗ್ಗುತ್ತದೆ. ಲೇತಿನಲ್ಲಿ ಮೆಟ್ಟಿಲಿನಂತೆ ಎರಡು ದಪ್ಪಕ್ಕೆ ತಿರುಗಿಸಿದ ಸರಳಿನ ಮೇಲೆ ಕೂರಿಸಿ ಹಗುರಾಗಿ ಹೊಡೆದರೆ ಒಳಸೇರುತ್ತದೆ. ಬರಿಯ ಸುತ್ತಿಗೆ ತಾಗಿದರೆ ಅಂಚು ಚಪ್ಪಟೆಯಾಗುತ್ತದೆ. ಬಿಗಿಯಾಗಿ ಕೂತ ಮೇಲೆ ಒಳತೂತು ಕೊಂಚ ಕಿರಿದಾಗುವುದರಿಂದ ಶಾಫ್ಟಿನ ಮೂತಿ ಸಲೀಸಾಗಿ ತಿರುಗುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು. ಗೇರ್‌ಬಾಕ್ಸ್ ಏರಿಸುವಾಗ ಬೋಲ್ಟುಗಳು ಬಿಗಿಯಾಗುವ ತನಕ ಜ್ಯಾಕ್ ತೆಗೆಯಬಾರದು. ಗೇರ್‌ಬಾಕ್ಸಿನ ಭಾರ ಒಂದು ಗಳಿಗೆ ಆ ಶಾಫ್ಟಿನ ಮೇಲೆ ತೂಗಿದರೂ ಕ್ಲಚ್ ಪ್ಲೇಟ್ ಬಾಗುತ್ತದೆ, ಹೊಸ ಬುಷ್ಷಿನ ತೂತು ಮೊದಲ ದಿನವೇ ಸೊಟ್ಟಗಾಗುತ್ತದೆ.