ಲೆದರ್ ಸೋಫಾಗೆ ಬೂಷ್ಟು ಬಂತಾ? ಕೊಬ್ಬರಿ ಎಣ್ಣೆ ಮಾತ್ರ ಬೇಡ

ದೇವರಮನೆ ಕಡೆ ಆರಿದ್ರೆ ಮಳೆ ಹಿಡೀತು ಅಂದ್ರೆ ಮಂಜು ಮನೆಯೊಳಗೇ ಬರುತ್ತೆ. ಲೆದರ್ ಅಂದ್ರೆ ಚರ್ಮ ತಾನೇ? ಗಾಳಿಯ ತೇವಾಂಶ ಶೇ 70 ದಾಟಿ ಹಾಗೇ ನಿಂತ್ರೆ ಬೂಷ್ಟಿಗೆ ಅದೇ ಊಟ.

ನನ್ನದು ಬಿ.ಕಾಂ. ತಲೆ. ಕಂಡೀಷನರ್ ದುಡ್ಡು ಉಳಿಸೋಣ ಅಂತ ಅಜ್ಜನ ಲೆದರ್ ಕುರ್ಚಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ದಿನ ಮಿಂಚಿತು. ಆಮೇಲೆ ಕಪ್ಪು ಕಲೆ, ಅದರ ಮೇಲೆ ಮತ್ತೆ ಬೂಷ್ಟು. ಅಜ್ಜ ಏನೂ ಅನ್ನಲಿಲ್ಲ. ಈಗ ಟವೆಲ್ ಹಾಸಿಕೊಂಡು ಕೂರ್ತಾರೆ.

ಮಾಡಬೇಕಿದ್ದದ್ದು ಇಷ್ಟು. ಮಾಸ್ಕ್ ಹಾಕಿ, ಜಗಲಿಗೆ ತಂದು, ಮೆತ್ತನೆ ಒಣ ಬ್ರಷ್‌ನಿಂದ ಉಜ್ಜಿ. ಒಳಗೇ ಕೊಡವಿದ್ರೆ ಬೂಷ್ಟಿನ ಕಣ ಮನೆಯೆಲ್ಲ ಹರಡುತ್ತೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅಷ್ಟೇ ನೀರು ಬೆರೆಸಿ, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ. ಬಣ್ಣ ಬಿಟ್ರೆ ಅಲ್ಲಿಗೇ ನಿಲ್ಲಿಸಿ. ಇಲ್ಲಾಂದ್ರೆ ಬಟ್ಟೆ ಚೆನ್ನಾಗಿ ಹಿಂಡಿ ಪೂರ್ತಿ ಒರೆಸಿ. ಒಲೆ ಹತ್ತಿರ ಬೇಡವೇ ಬೇಡ, ಆಲ್ಕೊಹಾಲ್‌ಗೆ ಬೆಂಕಿ ಹತ್ತುತ್ತೆ. ಶಾಖಕ್ಕೆ ಚರ್ಮವೂ ಬಿರಿಯುತ್ತೆ. ಫ್ಯಾನ್ ಸಾಕು. ಒಣಗಿದ ಮೇಲಷ್ಟೇ ಕಂಡೀಷನರ್, ತೆಳ್ಳಗೆ.

ಸೋಫಾನ ಗೋಡೆಯಿಂದ ಒಂದು ಗೇಣು ದೂರ ಇಡಿ, ಪ್ಲಾಸ್ಟಿಕ್ ಹೊದಿಸಬೇಡಿ. ಹಾಂ, ನಿಮ್ಮದು ರೆಕ್ಸಿನ್ ಆದ್ರೆ ಕಂಡೀಷನರ್‌ಗೆ ದುಡ್ಡು ಹಾಕಬೇಡಿ, ಅದು ಹೀರಿಕೊಳ್ಳೋದೇ ಇಲ್ಲ.