ಕುಂಡದ ಆಲಕ್ಕೆ ಹೊಸ ರೂಪ

ಮಕ್ಕಳೇ, ಹತ್ತುವುದಕ್ಕೆಂದು ತೆಂಗಿನ ಕಾಂಡಕ್ಕೆ ಮಚ್ಚಿನಿಂದ ಕಚ್ಚು ಹಾಕಿರುವುದನ್ನು ನೋಡಿದ್ದೀರಾ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೆಯ ತೋಟಗಳಲ್ಲಿ ಹುಡುಕಿದರೆ ಇಂಥ ಮರಗಳು ಸಿಗುತ್ತವೆ. ಕಚ್ಚು ಹಾಕಿ ಇಪ್ಪತ್ತು ವರ್ಷ ಕಳೆದಿದ್ದರೂ ಅದು ಹಾಗೆಯೇ ಇರುತ್ತದೆ, ಮುಚ್ಚಿಕೊಳ್ಳುವುದಿಲ್ಲ. ಈಗ ಬದುವಿನ ಮೇಲಿರುವ ಮಾವಿನ ಮರದ ಹತ್ತಿರ ಹೋಗಿ. ಹಿಂದೆ ಕೊಂಬೆ ಕಡಿದಿದ್ದ ಜಾಗದಲ್ಲಿ ಗಾಯದ ಸುತ್ತ ತುಟಿಯಂತೆ ದಪ್ಪನೆಯ ಅಂಚು ಬೆಳೆದು, ವರ್ಷ ವರ್ಷವೂ ಒಳಕ್ಕೆ ಸರಿದು ಗಾಯವನ್ನು ಮುಚ್ಚುತ್ತಿರುತ್ತದೆ.

ಈ ವ್ಯತ್ಯಾಸ ಏಕೆ? ಮಾವು, ಆಲ, ಹುಣಸೆ, ಬೇವು ಇವೆಲ್ಲ ದ್ವಿದಳ ಸಸ್ಯಗಳು. ಇವುಗಳ ತೊಗಟೆಗೂ ಮರಕ್ಕೂ ನಡುವೆ ಬಹಳ ತೆಳುವಾದ ಒಂದು ಪದರವಿದೆ. ಅದೇ ಕ್ಯಾಂಬಿಯಂ. ಇದರ ಜೀವಕೋಶಗಳು ಸದಾ ವಿಭಜನೆಯಾಗುತ್ತಾ ಒಳಬದಿಗೆ ಹೊಸ ಮರವನ್ನೂ ಹೊರಬದಿಗೆ ಹೊಸ ಒಳತೊಗಟೆಯನ್ನೂ ಕಟ್ಟುತ್ತವೆ. ಕಾಂಡ ದಪ್ಪವಾಗುವುದೂ ಗಾಯ ಮುಚ್ಚುವುದೂ ಇದರಿಂದಲೇ. ತೆಂಗು ಏಕದಳ ಸಸ್ಯ, ಅದರಲ್ಲಿ ಕ್ಯಾಂಬಿಯಂ ಇಲ್ಲ.

ಆರೈಕೆಯಿಲ್ಲದೆ ಹಾಳಾದ ಬೋನ್ಸಾಯ್ ಗಿಡಕ್ಕೆ ಹೊಸ ರೂಪ ಕೊಡುವ ವಿದ್ಯೆ ನಿಂತಿರುವುದು ಇಂಥ ಸಂಗತಿಗಳ ಮೇಲೆ. ಇವನ್ನು ತಿಳಿಯದೆ ಕತ್ತರಿ ಹಿಡಿದರೆ ಗಿಡ ಸಾಯುತ್ತದೆ.

‘ಬೋನ್ಸಾಯ್’ ಜಪಾನೀ ಭಾಷೆಯ ಪದ. ತಟ್ಟೆಯಂಥ ಕುಂಡದಲ್ಲಿ ನೆಟ್ಟದ್ದು ಎಂದು ಅರ್ಥ. ಕಲೆಯ ಮೂಲ ಚೀನಾ. ಮೈಸೂರಿನ ಅವಧೂತ ದತ್ತ ಪೀಠದಲ್ಲಿ ‘ಕಿಷ್ಕಿಂಧಾ ಮೂಲಿಕಾ’ ಎಂಬ ಬೋನ್ಸಾಯ್ ಉದ್ಯಾನವೇ ಇದೆ. ಪ್ರವಾಸಕ್ಕೆ ಹೋದಾಗ ನೋಡಿ ಬನ್ನಿ. ಇವು ಬೇರೆ ಕುಳ್ಳ ಜಾತಿಯ ಗಿಡಗಳೇನೂ ಅಲ್ಲ. ಅದೇ ಆಲವನ್ನು ತೆಗೆದು ನೆಲದಲ್ಲಿ ನೆಟ್ಟರೆ ದೊಡ್ಡ ಮರವಾಗುತ್ತದೆ. ಗಿಡವನ್ನು ಉಪವಾಸ ಕೆಡವಿ ಕುಳ್ಳಾಗಿಸುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಉಪವಾಸವಿದ್ದ ಗಿಡ ನೂರಾರು ವರ್ಷ ಬಾಳುತ್ತದೆಯೇ? ಜಪಾನಿನ ಒಂದು ಪೈನ್ ಬೋನ್ಸಾಯನ್ನು 1625ರಿಂದಲೂ ಬೆಳೆಸಿಕೊಂಡು ಬಂದಿದ್ದಾರೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಅದು ಸುಮಾರು 3 ಕಿಲೋಮೀಟರ್ ದೂರದ ಮನೆಯೊಂದರ ಗೋಡೆಯ ಮರೆಯಲ್ಲಿ ಇದ್ದು ಉಳಿಯಿತು. 1976ರಲ್ಲಿ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ಈಗ ವಾಷಿಂಗ್ಟನ್ನಿನಲ್ಲಿದೆ.

ಒಂದು ಕುಂಡದಲ್ಲಿ ಆಲದ ಬೋನ್ಸಾಯ್ ಇದೆ, ನಾಲ್ಕೈದು ವರ್ಷ ಅದನ್ನು ಯಾರೂ ಕತ್ತರಿಸಿಲ್ಲ ಎಂದಿಟ್ಟುಕೊಳ್ಳಿ. ಆಗ ಏನಾಗಿರುತ್ತದೆ? ತುದಿಯ ಕೊಂಬೆಗಳು ಬಿಸಿಲಿಗಾಗಿ ಮೇಲಕ್ಕೆ ಓಡಿರುತ್ತವೆ. ಅವುಗಳ ನೆರಳಿನಲ್ಲಿ ಕೆಳಗಿನ ರೆಂಬೆಗಳು ಒಣಗಿರುತ್ತವೆ. ಎಲೆ ಇರುವುದು ತುದಿಯಲ್ಲಿ ಮಾತ್ರ, ನಡುವೆ ಬರೀ ಕೋಲು. ಬೇರುಗಳು ಕುಂಡದೊಳಗೆ ಸುತ್ತಿ ಸುತ್ತಿ ಚಾಪೆಯಂತಾಗಿ, ಹಾಕಿದ ನೀರು ಒಳಗಿಳಿಯದೆ ಅಂಚಿನಿಂದ ಹರಿದುಹೋಗುತ್ತದೆ.

ಮೊದಲು ಮಾಡಬೇಕಾದ ಕೆಲಸ ಕತ್ತರಿಸುವುದಲ್ಲ, ಕಾಯುವುದು. ಬಹಳ ಮಂದಿ ಇಲ್ಲಿಯೇ ಆತುರಪಡುತ್ತಾರೆ. ಸೊರಗಿದ ಗಿಡದಲ್ಲಿ ಹೊಸ ಚಿಗುರು ಕಟ್ಟುವಷ್ಟು ಆಹಾರ ಸಂಗ್ರಹ ಇರುವುದಿಲ್ಲ. ಕೆಲವು ತಿಂಗಳು ಬಿಸಿಲಿನಲ್ಲಿಟ್ಟು, ನೀರು ಮತ್ತು ಸ್ವಲ್ಪ ಗೊಬ್ಬರ ಕೊಟ್ಟು, ಎಲೆಗಳು ಹೊಳಪಾಗುವವರೆಗೆ ಬಿಡಬೇಕು. ಈ ನಡುವೆ ಯಾವ ಕೊಂಬೆ ಬದುಕಿದೆ ಎಂದು ಪರೀಕ್ಷಿಸಬಹುದು. ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವವಿದೆ.

ಮುಂಗಾರು ಶುರುವಾದಾಗ ಕತ್ತರಿಸಲು ಒಳ್ಳೆಯ ಕಾಲ. ಕೆಳಗೆ ಬದುಕಿರುವ ಒಂದು ಗಟ್ಟಿ ರೆಂಬೆಯನ್ನು ಆರಿಸಿ, ಅದರ ಮೇಲಿನ ಕಾಂಡವನ್ನು ಓರೆಯಾಗಿ ಕತ್ತರಿಸಿ ತೆಗೆಯುತ್ತಾರೆ. ಇನ್ನು ಮೇಲೆ ಆ ರೆಂಬೆಯೇ ಗಿಡದ ತುದಿ. ಬುಡ ದಪ್ಪ, ತುದಿ ಸಣ್ಣ ಆಗಿ ಗಿಡಕ್ಕೆ ಹಳೆಯ ಮರದ ಕಳೆ ಬರುತ್ತದೆ. ಕತ್ತರಿಸಿದ ಕಡೆ ಹಾಲು ಸುರಿಯುತ್ತದೆ. ಅದನ್ನು ಕಣ್ಣಿಗೆ ತಾಗಿಸಬಾರದು. ಈ ಕೆಲಸವನ್ನು ದೊಡ್ಡವರ ಜೊತೆಯಲ್ಲೇ ಮಾಡಿ.

ಕೆಲವು ವಾರಗಳಲ್ಲಿ ಬರೀ ಕೋಲಾಗಿದ್ದ ಕಾಂಡದಿಂದಲೂ ಚಿಗುರು ಒಡೆಯುತ್ತದೆ! ಎಲ್ಲಿಂದ ಬಂತು? ಹಿಂದೆ ಎಲೆ ಇದ್ದ ಜಾಗದಲ್ಲೆಲ್ಲ ಒಂದೊಂದು ಮೊಗ್ಗು ನಿದ್ದೆ ಮಾಡುತ್ತಿರುತ್ತದೆ. ಗಿಡದ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು ಈ ಮೊಗ್ಗುಗಳನ್ನು ಏಳದಂತೆ ತಡೆಯುತ್ತದೆ. 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಹುರುಳಿಕಾಯಿಯ ಬಳಗದ ಗಿಡವೊಂದರ ತುದಿ ಕತ್ತರಿಸಿ, ಆ ಜಾಗದಲ್ಲಿ ಆಕ್ಸಿನ್ ಇಟ್ಟರು. ತುದಿ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ತುದಿ ಹೋದಾಗ ಮೊಗ್ಗುಗಳಿಗೆ ಹೆಚ್ಚು ಸಕ್ಕರೆ ಸಿಗುವುದೂ ಅವು ಏಳಲು ಕಾರಣ ಎಂದು ಈಚಿನ ಸಂಶೋಧನೆಗಳು ತಿಳಿಸಿವೆ.

ಇದನ್ನು ನೀವೂ ಮಾಡಿ ನೋಡಬಹುದು. ಕಣ್ಣಿರುವ ನಾಲ್ಕು ತೆಂಗಿನ ಚಿಪ್ಪು ತೆಗೆದುಕೊಂಡು, ಮೆತ್ತನೆಯ ಕಣ್ಣನ್ನು ಚುಚ್ಚಿ ತೂತು ಮಾಡಿ. ನೀರು ಇಳಿಯಲು ಅಷ್ಟು ಸಾಕು. ಮಣ್ಣು ತುಂಬಿ ಅಲಸಂದೆ ಕಾಳು ಹಾಕಿ. ಮೂರ್ನಾಲ್ಕು ಎಲೆ ಬಂದ ಮೇಲೆ ಎರಡು ಗಿಡಗಳ ತುದಿ ಚಿವುಟಿ, ಎರಡನ್ನು ಹಾಗೆಯೇ ಬಿಡಿ. ಹತ್ತು ದಿನ ಎಲೆಗಳ ಕಂಕುಳನ್ನು ಗಮನಿಸಿ ಬರೆದುಕೊಳ್ಳಿ.

ಹಾಗಾದರೆ ತೆಂಗಿನ ಸುಳಿ ಕತ್ತರಿಸಿದರೂ ಪಕ್ಕದಲ್ಲಿ ಚಿಗುರಬೇಕಲ್ಲವೇ? ಇಲ್ಲ. ತೆಂಗಿನ ಗರಿಯ ಕಂಕುಳಲ್ಲೂ ಮೊಗ್ಗು ಇದೆ, ಆದರೆ ಅದು ಕೊಂಬೆಯಾಗದೆ ಹೊಂಬಾಳೆಯಾಗುತ್ತದೆ. ಬೆಳೆಯುವ ತುದಿ ಇಡೀ ಮರಕ್ಕೆ ಒಂದೇ. ಕವಲೊಡೆದ ತೆಂಗು ಬಹಳ ಅಪರೂಪ. ಆದ್ದರಿಂದಲೇ ಸುಳಿ ಕೊಳೆ ರೋಗ ಬಂದರೆ ರೈತರಿಗೆ ಅಷ್ಟು ಭಯ. ಸುಳಿ ಪೂರ್ತಿ ಕೊಳೆತರೆ ನಲವತ್ತು ವರ್ಷದ ಫಲದ ಮರವೂ ಉಳಿಯುವುದಿಲ್ಲ. ಚಿಪ್ಪಿನಲ್ಲೇ ಮೊಳೆತ ತೆಂಗಿನ ಸಸಿಯನ್ನು ‘ತೆಂಗಿನ ಬೋನ್ಸಾಯ್’ ಎನ್ನುವವರಿದ್ದಾರೆ. ನೋಡಲು ಚಂದ, ಆದರೆ ಕತ್ತರಿಸಿ ರೂಪ ಕೊಡಲಾಗದ್ದನ್ನು ಬೋನ್ಸಾಯ್ ಎನ್ನಲು ನನಗೆ ಮನಸ್ಸಿಲ್ಲ.

ಮತ್ತೆ ಆಲಕ್ಕೆ ಬರೋಣ. ಹೊಸ ಚಿಗುರುಗಳಲ್ಲಿ ಬೇಕಾದ ನಾಲ್ಕೈದನ್ನು ಉಳಿಸಿ, ಅವುಗಳಿಗೆ ಅಲ್ಯೂಮಿನಿಯಂ ತಂತಿ ಸುತ್ತಿ ಬಗ್ಗಿಸುತ್ತಾರೆ. ತಂತಿ ತೆಗೆದ ಮೇಲೂ ರೆಂಬೆ ಬಗ್ಗಿಯೇ ಉಳಿಯಲು ಕಾರಣ ಮತ್ತೆ ಕ್ಯಾಂಬಿಯಂ. ಬಗ್ಗಿದ ಸ್ಥಿತಿಯಲ್ಲೇ ಅದು ಹೊಸ ಮರವನ್ನು ಕಟ್ಟಿ ಗಟ್ಟಿ ಮಾಡುತ್ತದೆ. ಆಲ ಬೇಗ ದಪ್ಪವಾಗುವುದರಿಂದ ವಾರಕ್ಕೊಮ್ಮೆ ನೋಡಿ, ತಂತಿ ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಬೇಕು. ಎಳೆಯಬಾರದು, ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು.

ಬೇರಿನ ಕೆಲಸ ಮುಂದಿನ ಮುಂಗಾರಿಗೆ. ಒಂದೇ ಸಲ ಮೇಲೂ ಕೆಳಗೂ ಕತ್ತರಿಸಿದರೆ ಸೊರಗಿದ ಗಿಡ ತಡೆಯಲಾರದು. ಸುತ್ತಿಕೊಂಡ ಬೇರುಗಳಲ್ಲಿ ಮೂರನೇ ಒಂದು ಭಾಗ ತೆಗೆದು, ಕೆಂಪು ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ನೆಡುತ್ತಾರೆ. ಕೊಳೆತ ತೆಂಗಿನ ನಾರಿನ ಪುಡಿ ಸ್ವಲ್ಪ ಸೇರಿಸಬಹುದು, ತೇವ ಹಿಡಿದಿಡುತ್ತದೆ. ನೆಡುವಾಗ ಗಿಡವನ್ನು ಓರೆ ಮಾಡಿದರೆ ಕೆರೆ ಏರಿಯ ಮೇಲೆ ನೀರಿನತ್ತ ವಾಲಿದ ಮರದ ರೂಪ ಬರುತ್ತದೆ.

ಕತ್ತರಿಸಿ ತೆಗೆದ ಮೇಲಿನ ಕಾಂಡವನ್ನು ಎಸೆಯಬೇಡಿ. ಆಲದ ಕೊಂಬೆ ನೆಟ್ಟರೆ ಬೇರು ಬಿಡುತ್ತದೆ. ಹಾಲು ನಿಂತ ಮೇಲೆ ತೇವದ ಮಣ್ಣಿನಲ್ಲಿ ಅರ್ಧ ಅಡಿ ಆಳಕ್ಕೆ ನೆಟ್ಟು ನೆರಳು ಮಾಡಿ. ಚಿಗುರಿ ಗಟ್ಟಿಯಾದ ಮೇಲೆ ಗೋಮಾಳದಲ್ಲೋ ಕೆರೆಯ ಆಚೆಯ ಖಾಲಿ ಜಾಗದಲ್ಲೋ ಇಡಬಹುದು. ಶಾಲೆಯ ಗೋಡೆ, ಬಾವಿಯ ಹತ್ತಿರ ಮಾತ್ರ ಬೇಡ. ಆಲದ ಬೇರು ಕಲ್ಲಿನ ಸಂದಿಯನ್ನೂ ಬಿಡಿಸುತ್ತದೆ.