ಜಲಾಶ್ವದ ಬೆನ್ನೇರಿದ ಬಾಲಕ

ಸ್ಕಾಟ್ಲೆಂಡಿನ ಉತ್ತರದ ಗುಡ್ಡನಾಡಿನಲ್ಲಿ ಲಾಕ್ ನೆಸ್ ಎಂಬ ಸರೋವರವಿದೆ. ಉದ್ದ ಸುಮಾರು 36 ಕಿಲೋಮೀಟರು; ಆಳ ಕೆಲವೆಡೆ 230 ಮೀಟರಿನಷ್ಟು. ಸುತ್ತಲಿನ ಜೌಗುನೆಲದ ಕೊಳೆತ ಸಸ್ಯಾಂಶ ಬೆರೆತು ಅದರ ನೀರು ಕಪ್ಪಾಗಿದೆ; ಕಣ್ಣು ಹೆಚ್ಚು ಆಳಕ್ಕೆ ಇಳಿಯಲಾರದು. ಕಣ್ಣು ಸೋತ ಕಡೆ ಕಲ್ಪನೆ ಮನೆಮಾಡುವುದು ಸಹಜವಷ್ಟೆ.

ಆ ನಾಡಿನ ಜನಪದ ಕಥೆಗಳಲ್ಲಿ ಜಲಾಶ್ವವೆಂಬ ಪ್ರಾಣಿ ಬರುತ್ತದೆ. ಅದು ದಡದಲ್ಲಿ ಸುಂದರವಾದ ಕುದುರೆಯಾಗಿ ನಿಂತು ಮಕ್ಕಳನ್ನು ಬೆನ್ನಿಗೇರಿಸಿಕೊಳ್ಳುತ್ತದೆ. ಏರಿದವರು ಅದರ ಮೈಗೆ ಅಂಟಿಕೊಳ್ಳುತ್ತಾರೆ. ಅವರನ್ನು ನೀರಿನಾಳಕ್ಕೆ ಒಯ್ದು ತಿನ್ನುತ್ತದೆ. ಮಕ್ಕಳು ನೀರಿನ ಬಳಿ ಸುಳಿಯದಿರಲೆಂದು ಹಿರಿಯರು ಹೇಳಿದ ಕಥೆ ಇದೆಂದು ಊಹಿಸಬಹುದು. 2007ರಲ್ಲಿ ಜೇ ರಸೆಲ್ ನಿರ್ದೇಶಿಸಿದ ‘ದಿ ವಾಟರ್ ಹಾರ್ಸ್’ ಎಂಬ ಚಲನಚಿತ್ರ ಈ ಭಯದ ಕಥೆಯನ್ನೇ ಮಗುಚಿ ಸ್ನೇಹದ ಕಥೆಯನ್ನಾಗಿಸಿದೆ. ಅದು ಹೇಗೆಂಬುದನ್ನು ವಿವರಿಸುವುದು ನನ್ನ ಉದ್ದೇಶ.

ಚಿತ್ರಕ್ಕೆ ಮೂಲ, ಡಿಕ್ ಕಿಂಗ್-ಸ್ಮಿತ್ ಬರೆದು 1990ರಲ್ಲಿ ಪ್ರಕಟವಾದ ಮಕ್ಕಳ ಪುಸ್ತಕ. ಅಲ್ಲಿ ಕಾಲ 1930. ಕಡಲ ದಡದಲ್ಲಿ ವಿಚಿತ್ರ ಮೊಟ್ಟೆಯನ್ನು ಕಾಣುವವಳು ಕರ್ಸ್ಟಿ ಎಂಬ ಹುಡುಗಿ. ಚಿತ್ರವಾದರೋ ಕಥೆಯನ್ನು 1942ಕ್ಕೆ, ಮಹಾಯುದ್ಧದ ನಡುವಿಗೆ ಸರಿಸಿ, ಅವಳ ತಮ್ಮ ಆಂಗಸ್‌ನನ್ನು ನಾಯಕನನ್ನಾಗಿ ಮಾಡಿಕೊಂಡಿದೆ. ನನಗೆ ತೋರುವಂತೆ ಚಿತ್ರದ ಜೀವವಿರುವುದು ಈ ಬದಲಾವಣೆಯಲ್ಲೇ. ಯುದ್ಧಕ್ಕೆ ಹೋದ ತಂದೆ ಸಮುದ್ರಪಾಲಾಗಿದ್ದಾನೆ. ಆಂಗಸ್ ಅದನ್ನು ಒಪ್ಪಲೊಲ್ಲ, ಕಾಯುತ್ತಲೇ ಇದ್ದಾನೆ. ನೀರೆಂದರೆ ಅವನಿಗೆ ಭಯ.

ಮೊಟ್ಟೆಯೊಡೆದು ಬಂದ ಮರಿಗೆ ಅವನು ಕ್ರೂಸೋ ಎಂದು ಹೆಸರಿಡುತ್ತಾನೆ. ದ್ವೀಪದಲ್ಲಿ ಒಂಟಿಯಾಗಿ ಉಳಿದ ಕಥಾನಾಯಕನ ಹೆಸರದು. ಹೆಸರು ಅನ್ವರ್ಥವೇ ಸರಿ. ಜಗತ್ತಿನಲ್ಲಿ ಜಲಾಶ್ವ ಒಮ್ಮೆಗೆ ಒಂದೇ. ಒಂದೇ ಮೊಟ್ಟೆಯಿಟ್ಟು, ಮರಿ ಹೊರಬರುವ ಮೊದಲೇ ಅದು ಸಾಯುತ್ತದಂತೆ. ಹೆತ್ತವರ ಮುಖ ಕಾಣದ ಮರಿಗೂ ತಂದೆಯ ದಾರಿ ಕಾಯುವ ಬಾಲಕನಿಗೂ ಬೆಳೆಯುವ ನಂಟಿಗೆ ಬೇರೆ ಕಾರಣ ಬೇಕಿಲ್ಲ.

ಮರಿ ಬೆಳೆದು ಸ್ನಾನದ ತೊಟ್ಟಿಯಲ್ಲಿ ಹಿಡಿಸದಾದಾಗ ಅದನ್ನು ಸರೋವರಕ್ಕೆ ಬಿಡಬೇಕಾಗುತ್ತದೆ. ಅಲ್ಲಿ ಅದು ಆಂಗಸ್‌ನನ್ನು ಬೆನ್ನೇರಿಸಿಕೊಂಡು ನೀರಿನೊಳಗೆ ಧುಮುಕುತ್ತದೆ. ಹಳೆಯ ಕಥೆಯಲ್ಲಿ ಸಾವಿನ ದಾರಿಯಾಗಿದ್ದ ಸವಾರಿಯೇ ಇಲ್ಲಿ ಬಾಲಕನ ಭಯವನ್ನು ಕಳೆಯುತ್ತದೆ. ಆದರೆ ದಡದಲ್ಲಿ ಬೀಡುಬಿಟ್ಟ ಸೈನಿಕರ ತೋಪುಗಳು ಕ್ರೂಸೋನತ್ತ ತಿರುಗುತ್ತವೆ. ಅದು ಉಳಿಯಬೇಕಾದರೆ ಸಾಗರ ಸೇರಬೇಕು. ತಂದೆಯನ್ನು ನುಂಗಿದ ಸಾಗರಕ್ಕೇ ಗೆಳೆಯನನ್ನೂ ಒಪ್ಪಿಸಬೇಕು. ಈ ಬೀಳ್ಕೊಡುಗೆಯ ಮೂಲಕವೇ ಹುಡುಗ ಆ ಮೊದಲಿನ ಅಗಲಿಕೆಯನ್ನೂ ಒಪ್ಪಲು ಕಲಿಯುತ್ತಾನೆ. ಮಕ್ಕಳ ಚಿತ್ರವೊಂದು ಸಾವಿನಂಥ ವಿಷಯವನ್ನು ಮುಚ್ಚಿಡದೆ, ಉಪದೇಶವನ್ನೂ ಮಾಡದೆ ಮುಟ್ಟಿರುವುದು ಸಣ್ಣ ಮಾತಲ್ಲ.

ಇನ್ನೊಂದು ಸಂಗತಿ. ಈ ಸರೋವರದ ಪ್ರಾಣಿಯದೆಂದು ಲೋಕಪ್ರಸಿದ್ಧವಾದ ಛಾಯಾಚಿತ್ರ ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆಯಲ್ಲಿ 1934ರ ಏಪ್ರಿಲ್ 21ರಂದು ಅಚ್ಚಾಯಿತು. ಆಟಿಕೆಯ ಜಲಾಂತರ್ಗಾಮಿಯೊಂದಕ್ಕೆ ತಲೆ, ಕತ್ತುಗಳನ್ನು ಜೋಡಿಸಿ ಅದನ್ನು ತೆಗೆದರೆಂಬ ಗುಟ್ಟು 1994ರಲ್ಲಿ ಬಯಲಾಯಿತು. ಚಿತ್ರ ಈ ಮೋಸವನ್ನು ಬಚ್ಚಿಡುವುದಿಲ್ಲ. ಛಾಯಾಚಿತ್ರ ಸುಳ್ಳೆಂದು ಕಥೆ ಹೇಳುವ ಮುದುಕನೇ ಒಪ್ಪಿ, ಅದರ ಹಿಂದಿನ ಕಥೆ ಮಾತ್ರ ನಿಜವೆನ್ನುತ್ತಾನೆ. ಪ್ರಾಣಿ ಇದ್ದಿತೋ ಇಲ್ಲವೋ, ತಂದೆಗಾಗಿ ಕಾದ ಮಗುವಿನ ದುಃಖವಂತೂ ಇದ್ದದ್ದೇ. ಸಾಕ್ಷ್ಯ ಸೋತ ಮೇಲೂ ಕಥೆ ನಿಲ್ಲುವುದು ಇಂಥ ನಿಜದ ಬಲದಿಂದ.